ಇವರ ಎತ್ತರಕ್ಕೊಂದು ಮೇಜು

ನಮ್ಮ ಊರಿನಲ್ಲಿ ಅಟ್ಟದ ಮೇಲಿನ ಹಂಡೆ ಇಳಿಸಬೇಕಾದರೆ ಯಾರೂ ಏಣಿ ಹುಡುಕುವುದಿಲ್ಲ. ಮನೆಯಲ್ಲಿ ಕೈಗೆ ಸಿಕ್ಕ ಒಬ್ಬರನ್ನು ಹಿಡಿದು ನಿಲ್ಲಿಸಿ ಹೊಗಳುತ್ತಾರೆ. "ನಿಮ್ಮ ಕೈಯ ಸಾರು ಉಂಡವರಿಗೆ ಬೇರೆ ಮನೆ ಊಟ ರುಚಿಸುತ್ತಾ?" ಎಂದು ನಾಲ್ಕು ಮಾತು ಆಡಿದರೆ ಸಾಕು, ಅತ್ತೆಯಾಗಲಿ ಸೊಸೆಯಾಗಲಿ ಗೇಣುದ್ದ ಮೇಲೇರಿ, ಹಂಡೆಗೆ ಕೈ ಹಾಕಿ ಇಳಿಸಿ ಕೊಡುತ್ತಾರೆ. ಹೊಗಳಿ ಅಟ್ಟಕ್ಕೇರಿಸುವುದು ಎಂದು ಬೇರೆ ಊರಿನವರು ಬಾಯಿಮಾತಿಗೆ ಹೇಳುತ್ತಾರಂತೆ. ನಮಗೆ ಅದು ದಿನದ ಕೆಲಸ. ಹಾಗೆಯೇ ಬೈಸಿಕೊಂಡವರು ಕುಗ್ಗುತ್ತಾರೆ. ಆದ್ದರಿಂದ ನಮ್ಮ ದರ್ಜಿಗಳು ಪ್ಯಾಂಟಿನ ಕಾಲಲ್ಲಿ ಧಾರಾಳವಾಗಿ ಬಟ್ಟೆ ಮಡಿಸಿಟ್ಟೇ ಹೊಲಿಯುತ್ತಾರೆ. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ ಇರುತ್ತದೆ. ಶಾಲೆಯಲ್ಲಿ ಊಟದ ಗಂಟೆ ಹೊಡೆಯುವ ಮುಂಚೆ ಮಕ್ಕಳನ್ನು ಬೈಯುವಂತಿಲ್ಲ, ಬೈದರೆ ಪಾಪ, ಕೈ ತೊಳೆಯಲು ನಲ್ಲಿ ಎಟುಕುವುದಿಲ್ಲ. ಬೆಣ್ಣೆ ಹಚ್ಚಿ ಏರಿಸಿದ ಎತ್ತರ ಸಂಜೆಯೊಳಗೆ ಇಳಿದುಹೋಗುತ್ತದೆ. ಮನಸ್ಸಿಗೆ ನಾಟಿದ್ದು ಮಾತ್ರ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಹಾಗೆಯೇ ಉಳಿದುಬಿಡುತ್ತದೆ.

ನನ್ನ ಹೆಸರು ತುಂಗಾ. ನನ್ನ ಗಂಡನ ಹೆಸರು ಪಂಪಾಪತಿ. ಒಂದು ಸಲ ಹೇಳಿಯಾಯಿತು, ಇನ್ನು ಮುಂದೆ ಅಭ್ಯಾಸದಂತೆ ಇವರು ಎಂದೇ ಹೇಳುತ್ತೇನೆ. ಇವರು ಊರಿನ ಅಚ್ಚುಕೂಟದಲ್ಲಿ ಪ್ರೂಫ್ ನೋಡುತ್ತಿದ್ದರು. ಲಗ್ನಪತ್ರಿಕೆಯಿಂದ ಹಿಡಿದು ಪಂಚಾಂಗದವರೆಗೆ ಈ ಊರಿನಲ್ಲಿ ಅಚ್ಚಾದದ್ದೆಲ್ಲ ಇವರ ಕಣ್ಣು ದಾಟಿಯೇ ಹೋಗಬೇಕು. ಊಟಕ್ಕೆ ಕೂತಾಗಲೂ ಉಪ್ಪಿನಕಾಯಿ ಬಾಟಲಿಯ ಚೀಟಿ ಓದಿ, ಒತ್ತಕ್ಷರ ತಪ್ಪಿದೆ ಎಂದು ಗೊಣಗುವ ಆಸಾಮಿ. ಯಾರೂ ಹೊಗಳದಿದ್ದರೂ ನಡುಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ ಇದ್ದರು. ತನ್ನ ಕೆಲಸ ತನಗೆ ಗೊತ್ತು ಎನ್ನುವವರು ಹಾಗೆಯೇ ಇರುತ್ತಾರೆ, ಅವರಿಗೆ ಇನ್ನೊಬ್ಬರ ಬಾಯಿ ಬೇಕಾಗುವುದಿಲ್ಲ.

ಇಂಥವರ ಬಾಳಿಗೆ ಪುರಸಭೆಯ ಅಧ್ಯಕ್ಷರ ಸನ್ಮಾನ ಬಂದು ಕೂತಿತು. ಬಿನ್ನವತ್ತಳೆಯಲ್ಲಿ "ಉನ್ನತ ನಾಯಕರು" ಎಂದು ಇರಬೇಕಾದ ಕಡೆ "ಉನ್ಮತ್ತ ನಾಯಕರು" ಎಂದು ಅಚ್ಚಾಗಿ ಬಂತು. ಅದನ್ನು ವೇದಿಕೆಯ ಮೇಲೆ ಒಬ್ಬರು ಕಂಚಿನ ಕಂಠದಲ್ಲಿ ಓದಿಯೂಬಿಟ್ಟರು. ಅಲ್ಲಿಯವರೆಗೆ ಭಾಷಣ ಕೇಳಿ ಕೇಳಿ ಶಾಮಿಯಾನದ ಬಟ್ಟೆಗೆ ತಲೆ ತಾಗಿಸಿಕೊಂಡು ನಿಂತಿದ್ದ ಅಧ್ಯಕ್ಷರು, ಜನ ನಕ್ಕ ರಭಸಕ್ಕೆ ಸರ್ರನೆ ಇಳಿದರು. ಕೊರಳಿನ ಹಾರ ನೆಲ ಗುಡಿಸಿತು. ಮಾರನೆಯ ದಿನ ಅಚ್ಚುಕೂಟದ ಯಜಮಾನರು ಇವರನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡು ಬೈದರು. ಕಣ್ಣು ತಪ್ಪಿದ್ದು ಇವರದೇ. ಇವರೂ ಅಲ್ಲ ಎನ್ನಲಿಲ್ಲ, ಅದಕ್ಕೇ ಆ ಬೈಗುಳ ಒಳಗಿಳಿದು ನಾಟಿಕೊಂಡಿತು. ಮನೆಗೆ ಬಂದಾಗ ನನ್ನ ಭುಜದ ಮಟ್ಟಕ್ಕಿದ್ದರು. ನಡುಮನೆಯ ಬಾಗಿಲಲ್ಲಿ ರೂಢಿಯಂತೆ ತಲೆ ಬಗ್ಗಿಸಿದರು. ಬಗ್ಗಿಸುವ ಅಗತ್ಯವಿಲ್ಲ ಎಂದು ಆಮೇಲೆ ಹೊಳೆದು, ಹಾಗೇ ಒಂದು ಗಳಿಗೆ ಅಲ್ಲೇ ನಿಂತರು. ನನಗೆ ಅಳು ಬಂತು. ಒಲೆಯ ಕಡೆ ತಿರುಗಿಕೊಂಡು ಅತ್ತೆ.

ಕುಗ್ಗಿದವರನ್ನು ನಮ್ಮ ಊರಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಸದ್ದಿಲ್ಲದೆ ಕಾಲ ಬಳಿಗೆ ಒಂದು ಮಣೆ ಸರಿಸುತ್ತಾರೆ, ಅಷ್ಟೇ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಮಣೆ, ಕ್ಷೌರದ ಅಂಗಡಿಯ ಕನ್ನಡಿಯ ಮುಂದೆ ಮಣೆ, ಅಂಚೆ ಕಚೇರಿಯ ಕಿಟಕಿಯ ಮುಂದೆ ಮಣೆ. ಎಲ್ಲ ಒಳ್ಳೆಯ ಮನಸ್ಸಿನಿಂದಲೇ. ಆದರೆ ಹೋದಲ್ಲೆಲ್ಲ ಒಂದು ಮಣೆ ಕಾದು ಕೂತಿದ್ದರೆ ಮನುಷ್ಯನಿಗೆ ಹೊರಗೆ ಹೋಗಬೇಕು ಅನ್ನಿಸುತ್ತದೆಯೇ? ಇವರು ಅಚ್ಚುಕೂಟ ಬಿಟ್ಟರು, ಪೇಟೆ ಬಿಟ್ಟರು. ಬೇರೆ ಊರಿನ ಪ್ರಕಾಶಕರೊಬ್ಬರು ಬೆಳಗಿನ ಬಸ್ಸಿನಲ್ಲಿ ಪ್ರೂಫಿನ ಕಟ್ಟು ಕಳಿಸತೊಡಗಿದರು. ಅವರು ಇವರನ್ನು ಕಂಡವರಲ್ಲ, ಹಾಗಾಗಿ ಅಲ್ಲಿ ಎತ್ತರದ ಮಾತೇ ಬರಲಿಲ್ಲ. ಮನೆಯ ಮುಂದಿನ ಕೋಣೆ ಆಫೀಸಾಯಿತು. ಇದ್ದ ಕುರ್ಚಿ ಹಳೆಯ ಎತ್ತರದವರದ್ದು, ಕೂತರೆ ಕಾಲು ನೆಲಕ್ಕೆ ತಾಗದು. ನೇತಾಡಿ ನೇತಾಡಿ ಸೊಂಟ ಹಿಡಿದುಕೊಂಡಿತು. ಡಾಕ್ಟರು ನೋಡಿ, "ಕೂತಿದ್ದು ಸಾಕು ಪಂಪಾಪತಿಯವರೇ, ನಿಂತು ಓದೋ ಮೇಜು ಒಂದು ತಗೊಳ್ಳಿ" ಎಂದು ಹೇಳಿ, ಇಳಿಯಲು ಮಣೆ ಸರಿಸಿದರು.

ನನಗಿದ್ದ ಭಯ ಸೊಂಟದ್ದಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರಿದ್ದರು, ಒಂದು ಸಲ ಕುಗ್ಗಲು ಶುರುವಾದವರು ಕುಗ್ಗುತ್ತ ಕುಗ್ಗುತ್ತ ಕಡೆಗೆ ಮನೆಯವರ ಕಣ್ಣಿಗೇ ಬೀಳದಂತಾದರು. ಆ ಮನೆಯವರು ಈಗಲೂ ನೆಲ ನೋಡಿಕೊಂಡೇ ಓಡಾಡುತ್ತಾರೆ. ಇವರಿಗೆ ಉಳಿದಿದ್ದ ಒಂದೇ ಆಸರೆ ಆ ಪ್ರೂಫಿನ ಕೆಲಸ. ಅದೂ ಸೊಂಟದ ನೋವಿಗೆ ನಿಂತುಹೋದರೆ ಇವರು ಎಲ್ಲಿಗೆ ಇಳಿಯುತ್ತಾರೋ.

ಮೇಜು ನೋಡಲು ಹೊರಟಾಗ ನನ್ನ ನಾದಿನಿ, ಇವರ ಅಕ್ಕ ಕುಸುಮಳನ್ನೂ ಕರೆದುಕೊಂಡೆವು. ಅಂಗಡಿಗೆ ಹೋಗುವಾಗ ಬಾಯಿ ಜೋರಿರುವ ನೆಂಟರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ನಮ್ಮಲ್ಲಿ ವಾಡಿಕೆ. ಕಾರಣ ಇದೆ. ಅಂಗಡಿಯವರು ಗಿರಾಕಿಯನ್ನು ಹೊಗಳಿ ಹೊಗಳಿ ಮೇಲೇರಿಸಿ ಎತ್ತರದ ಸಾಮಾನು ಮಾರಿಬಿಡುತ್ತಾರೆ. ಮನೆಗೆ ಬರುವಷ್ಟರಲ್ಲಿ ಏರಿದ್ದು ಇಳಿದಿರುತ್ತದೆ, ಸಾಮಾನು ಇಳಿಯುವುದಿಲ್ಲ. ಜೊತೆಗೆ ನಾದಿನಿಯಂಥವಳು ಇದ್ದರೆ ಅಳತೆ ಹದ್ದುಮೀರುವುದಿಲ್ಲ.

ಅಂಗಡಿಯ ಚಂದ್ರಯ್ಯ ನಮ್ಮನ್ನು ಕಂಡ ಕೂಡಲೇ ಶುರು ಮಾಡಿದ. "ಓಹೋ, ಬರಬೇಕು ಬರಬೇಕು! ನಿಮ್ಮಂಥ ವಿದ್ವಾಂಸರು ನಮ್ಮ ಅಂಗಡಿಗೆ ಕಾಲಿಟ್ಟಿದ್ದೇ ಭಾಗ್ಯ. ಈ ಊರಲ್ಲಿ ಕನ್ನಡ ಅಂತ ಉಳಿದಿದ್ರೆ ಅದು ನಿಮ್ಮಿಂದ."

ಇವರು ಎರಡು ಬೆರಳು ಏರಿದ್ದು ನನಗೇ ಕಂಡಿತು. ಕುಸುಮ ಬಿಡುತ್ತಾಳೆಯೇ? "ಇವನ ಕನ್ನಡ ನನಗೆ ಗೊತ್ತಿಲ್ವಾ? ಚಿಕ್ಕೋನಿದ್ದಾಗ ನನ್ನ ಹೆಸರನ್ನೇ ಕುಸುಮ ಅನ್ನೋಕೆ ಬರದೆ ಕುಚುಮ ಅಂತಿದ್ದ" ಎಂದಳು. ಇವರು ಮತ್ತೆ ಇದ್ದಲ್ಲಿಗೆ ಬಂದರು.

ಚಂದ್ರಯ್ಯ ಒಂದು ಹೊಸ ಮಾದರಿ ತೋರಿಸಿದ. ಬೇರೆ ಊರಿನಿಂದ ತರಿಸಿದ್ದು, ಕಬ್ಬಿಣದ ಕಾಲು, ಬದಿಯಲ್ಲಿ ಹಿಡಿಕೆ. ತಿರುಗಿಸಿದರೆ ಮೇಜು ಏರುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಕಾಲಿನ ಮೇಲೆ ಸ್ಕೇಲಿನ ಹಾಗೆ ಅಂಕಿಗಳನ್ನು ಕೆತ್ತಿದ್ದರು. ನನಗೆ ನೋಡಿದ ಕೂಡಲೇ ಹಿಡಿಸಿತು. ನಮ್ಮ ಊರಿಗೆ ಹೇಳಿ ಮಾಡಿಸಿದ ಮೇಜು ಇದು, ಇಷ್ಟು ದಿನ ಯಾಕೆ ಬಂದಿರಲಿಲ್ಲ ಎಂದುಕೊಂಡೆ.

ಇವರು ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ ಕೈಬಿಟ್ಟರು. "ಬೇಡ ತುಂಗಾ. ದಿನಾ ಬೆಳಿಗ್ಗೆ ಎದ್ದು ಇದನ್ನ ತಿರುಗಿಸೋದು ಅಂದ್ರೆ, ದಿನಾ ಬೆಳಿಗ್ಗೆ ನನ್ನ ನಾನೇ ಅಳೆದುಕೊಂಡ ಹಾಗೆ. ಅದೂ ಅಂಕಿ ಬೇರೆ ಬರೆದಿದ್ದಾರೆ. ಬಂದವರೆಲ್ಲ ಮೊದಲು ಅದನ್ನೇ ಓದ್ತಾರೆ."

"ಅಂಕಿ ಕಾಣದ ಹಾಗೆ ಬಣ್ಣ ಹೊಡೆಸೋಣ ಸಾರ್" ಎಂದ ಚಂದ್ರಯ್ಯ.

"ಬಣ್ಣದ ಕೆಳಗೆ ಅಂಕಿ ಇದೆ ಅಂತ ನನಗೆ ಗೊತ್ತಿರುತ್ತಲ್ಲಪ್ಪ."

ದಾರಿಯಲ್ಲಿ ಇವರು ಹೇಳಿದ್ದು ಇಷ್ಟೇ: "ಒಂದೇ ಎತ್ತರದ ಮೇಜು ಸಾಕು. ನಾನು ಈಗ ಇರೋ ಎತ್ತರಕ್ಕೆ. ಮಣೆ ಮೇಲೆ ಹತ್ತದೆ, ನೆಲದ ಮೇಲೆ ನಿಂತು, ಒಂದು ಜಾಗದಲ್ಲಾದರೂ ಓದಬೇಕು."

ಹೀಗೆ ನಮ್ಮ ಮನೆಗೆ ಮೌನೇಶಾಚಾರಿ ಬಂದ. ಈ ಊರಿನ ಬಡಗಿಗಳಲ್ಲಿ ಬಾಯಿ ಮುಚ್ಚದವನು ಅವನೊಬ್ಬನೇ, ಹೆಸರಿಟ್ಟ ಅವನ ಅಪ್ಪನಿಗೆ ಏನು ಗೊತ್ತಿತ್ತು ಪಾಪ. ಇವರು ಬೇಕಾದ್ದನ್ನೆಲ್ಲ ವಿವರಿಸಿದರು. ಮೇಲಿನ ಹಲಗೆ ಸ್ವಲ್ಪ ಇಳಿಜಾರಾಗಿರಬೇಕು, ಪೆನ್ಸಿಲು ಉರುಳದ ಹಾಗೆ ಕೆಳಗೆ ಒಂದು ಏಣು ಇರಬೇಕು, ನಿಂತು ಸಾಕಾದಾಗ ಒಂದು ಕಾಲು ಇಡಲು ಅಡ್ಡಪಟ್ಟಿ ಬೇಕು, ಹಲಗೆ ಮೊಣಕೈ ಮಟ್ಟಕ್ಕೆ ಬರಬೇಕು. ಆಚಾರಿ ಹೂಂಗುಟ್ಟುತ್ತ ಕಿಟಕಿಯ ಅಗಲ ಅಳೆದ, ಗೋಡೆಯ ಉದ್ದ ಅಳೆದ, ಇವರೊಬ್ಬರನ್ನು ಬಿಟ್ಟು ಎಲ್ಲವನ್ನೂ ಅಳೆದ. "ಮೊಣಕೈ ಅಳತೆ?" ಎಂದರು ಇವರು. "ಅಂದಾಜು ಕಣ್ಣಲ್ಲೇ ಬಂತು ಬಿಡಿ ಸ್ವಾಮಿ" ಎಂದು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

ಕುಗ್ಗಿದವರ ಮೈಗೆ ನಮ್ಮ ಊರಿನಲ್ಲಿ ಯಾರೂ ಟೇಪು ಹಿಡಿಯುವುದಿಲ್ಲ. ಅಳೆದರೆ ಆ ಎತ್ತರದಲ್ಲೇ ನಿಂತುಬಿಡುತ್ತಾರೆ ಎಂದು ನಂಬಿಕೆ. ದರ್ಜಿಯಾದರೂ ಬಡಗಿಯಾದರೂ ಅವರ ಒಳ್ಳೆಯ ದಿನದ ಎತ್ತರವನ್ನು ನೆನಪಿನಿಂದ ತೆಗೆದು ಅದಕ್ಕೇ ಹೊಲಿದು, ಅದಕ್ಕೇ ಕೊಯ್ದು ಕೊಡುತ್ತಾರೆ. ಅದೇ ಮರ್ಯಾದೆ. ಆಚಾರಿಯೂ ಮರ್ಯಾದಸ್ಥನೇ. ಅವನು ತಂದಿಳಿಸಿದ ಹಲಸಿನ ಮರದ ಮೇಜು ಹಳದಿಯಾಗಿ ಹೊಳೆಯುತ್ತಿತ್ತು, ಇಳಿಜಾರು, ಏಣು, ಅಡ್ಡಪಟ್ಟಿ ಎಲ್ಲ ಹೇಳಿದ ಹಾಗೇ ಇದ್ದವು. ಎತ್ತರ ಮಾತ್ರ ಅಚ್ಚುಕೂಟದ ಕಾಲದ ಪಂಪಾಪತಿಯವರದ್ದು. ಇವರು ಮುಂದೆ ಹೋಗಿ ನಿಂತರೆ ಹಲಗೆ ಗಲ್ಲಕ್ಕೆ ತಾಗುತ್ತಿತ್ತು. ಅಕ್ಕಪಕ್ಕದವರು ಬಾಗಿಲಲ್ಲಿ ಸೇರಿ, "ಬಹಳ ಚೆನ್ನಾಗಿದೆ, ಅವರ ಗತ್ತಿಗೆ ತಕ್ಕ ಹಾಗಿದೆ" ಎಂದು ಕೊಂಡಾಡಿದರು. ಯಾರೋ ಆಗಲೇ ಒಂದು ಮಣೆ ತಂದಿಟ್ಟರು.

ನಾನೂ ಹಿಗ್ಗಿದೆ, ಯಾಕೆ ಸುಳ್ಳು ಹೇಳಲಿ. ಆ ಮೇಜಿನ ಹಿಂದೆ ಹಳೆಯ ಇವರು ನಿಂತ ಹಾಗೇ ಕಂಡಿತು. ಇವರು ಮೇಜನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

ಆಮೇಲಿನ ದಿನಗಳಲ್ಲಿ ಇವರು ಮಣೆಯ ಮೇಲೆ ಮಣೆ ಇಟ್ಟು ಹತ್ತಿ ನಿಂತು ಓದಿದರು. ಒಂದು ಸಲ ಮೇಲಿನ ಮಣೆ ಜಾರಿ ಬಿದ್ದರು, ಕಾಗದವೆಲ್ಲ ಕೋಣೆ ತುಂಬ ಹರಡಿತು. ನಾನು ಓಡಿ ಬಂದು ಎತ್ತಿದೆ. ಎತ್ತುವಾಗ ಗೊತ್ತಾಯಿತು, ಭಾರವೇ ಇಲ್ಲ. ನನ್ನ ಭುಜಕ್ಕಿದ್ದವರು ಕಂಕುಳ ಮಟ್ಟಕ್ಕೆ ಇಳಿದಿದ್ದರು. ಯಾರೂ ಬೈದಿರಲಿಲ್ಲ. ಮೇಜು ಬೆಳಗಿನಿಂದ ಸಂಜೆಯವರೆಗೆ ಬಾಯಿಲ್ಲದೆಯೇ ಬೈಯುತ್ತಿತ್ತು. ಮೂಲೆಯಲ್ಲಿ ಬಸ್ಸಿನಿಂದ ಬಂದ ಕಟ್ಟುಗಳು ಬಿಚ್ಚದೆ ಬಿದ್ದಿದ್ದವು.

"ಈ ಮೇಜು ಯಾರದು ತುಂಗಾ?" ಎಂದರು, ನೆಲದ ಮೇಲೆ ಕೂತೇ.

"ಇದೇನು ಹೀಗೆ ಕೇಳ್ತೀರಿ? ನಿಮ್ಮದೇ."

"ನನ್ನದಲ್ಲ. ಮುಂಚೆ ಈ ಮನೇಲಿ ಒಬ್ಬ ಇದ್ದನಲ್ಲ, ಅವನದು. ಅವನು ಬಂದ್ರೆ ಕೊಡು." ಹರಡಿದ್ದ ಕಾಗದಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತ ಮತ್ತೆ ಹೇಳಿದರು, "ನೀವೆಲ್ಲ ಅವನ ದಾರಿ ಕಾಯ್ತಾ ಇದೀರಿ. ನಾನು ಇಲ್ಲೇ ಇದೀನಿ, ನನ್ನ ಯಾರೂ ನೋಡ್ತಾನೇ ಇಲ್ಲ."

ಇವರನ್ನು ಒಂದು ದಿನವೂ ಅಗಲದವಳು ನಾನು, ಆದರೂ ಇವರಿಗೆ ಒಬ್ಬರೇ ಇದ್ದ ಹಾಗಿತ್ತು. ಕೊನೆಯ ಮನೆಯವರು ನೆಲ ನೋಡಿಕೊಂಡು ಓಡಾಡುವುದು ಕಣ್ಣ ಮುಂದೆ ಬಂತು. ಅಲ್ಲಿಯೂ ಹೀಗೆಯೇ ಆಗಿರಬೇಕು, ಎಲ್ಲರೂ ಮೇಲೆ ನೋಡುತ್ತ ಕಾದಿರಬೇಕು. ಎದ್ದು ಚಪ್ಪಲಿ ಮೆಟ್ಟಿ ನೆಟ್ಟಗೆ ಮೌನೇಶಾಚಾರಿಯ ಹತ್ತಿರ ಹೋದೆ.

"ಕಾಲು ಕತ್ತರಿಸಬೇಕು" ಎಂದೆ.

ಅವನು ಗಾಬರಿಯಾಗಿ ನನ್ನ ಕಾಲು ನೋಡಿದ. ಮೇಜಿನದು ಎಂದು ಹೇಳಿದಾಗ ಇನ್ನೂ ಗಾಬರಿಯಾದ. "ಏನಮ್ಮ ನೀವು, ಬುದ್ಧಿ ಇದ್ದವರು ಆಡೋ ಮಾತಾ? ಆ ಎತ್ತರಕ್ಕೆ ಅಳೆದುಬಿಟ್ರೆ ಸ್ವಾಮಿಯೋರು ಅಲ್ಲೇ ನಿಂತುಬಿಡ್ತಾರೆ. ಆಮೇಲೆ ಯಾರಿಗೆ ಕೆಟ್ಟ ಹೆಸರು? ನನಗೆ."

"ನಿಲ್ಲಲಿ ಬಿಡಪ್ಪ. ನಿಲ್ಲೋಕೇ ಅಲ್ವಾ ಮೇಜು ಮಾಡಿಸಿದ್ದು?"

"ನಾನು ಟೇಪು ಹಿಡಿಯಲ್ಲ."

"ನೀನು ಹಿಡೀಬೇಡ. ನಾನು ಹಿಡೀತೀನಿ. ನೀನು ಗರಗಸ ತಗೊಂಡು ಬಾ."

ಗರಗಸದ ಜೊತೆ ಬಾಯಿಯನ್ನೂ ತಂದ. ದಾರಿಯುದ್ದಕ್ಕೂ ಬೇಡ ಬೇಡ ಎನ್ನುತ್ತಲೇ ಬಂದು ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತ. ನಾನು ಇವರನ್ನು ಕೋಣೆಯ ನಡುವೆ ಬರಿಗಾಲಲ್ಲಿ ನಿಲ್ಲಿಸಿದೆ. ಮಣೆಗಳನ್ನೆಲ್ಲ ಎತ್ತಿ ಹಿತ್ತಲಿಗೆ ಹಾಕಿದೆ. "ಕೈ ಮಡಿಸಿ. ಪೆನ್ಸಿಲು ಹಿಡಿದ ಹಾಗೆ ಹಿಡೀರಿ" ಎಂದೆ. ಇವರು ಹಿಡಿದರು. ಟೇಪಿನ ತುದಿಯನ್ನು ಕಾಲ ಹೆಬ್ಬೆರಳಲ್ಲಿ ಒತ್ತಿಕೊಂಡು ಮೊಣಕೈಯವರೆಗೆ ಎಳೆದೆ. ಆ ಬೈಗುಳದ ದಿನದಿಂದ ಇವರ ಎತ್ತರವನ್ನು ಯಾರೂ ನೆಟ್ಟಗೆ ನೋಡಿರಲಿಲ್ಲ, ಎಲ್ಲರೂ ಇವರ ತಲೆಯ ಮೇಲಿನ ಖಾಲಿ ಜಾಗವನ್ನೇ ಮಾತಾಡಿಸುತ್ತಿದ್ದರು. ನಾನು ಅಂಕಿಯನ್ನು ಗಟ್ಟಿಯಾಗಿ ಓದಿದೆ. ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ, ಇವರೂ ಇಳಿಯಲಿಲ್ಲ.

"ಇಷ್ಟೇನಾ?" ಎಂದರು.

"ಇಷ್ಟೇ" ಎಂದೆ. "ನನಗೆ ಇಷ್ಟು ಸಾಕು."

ಇದು ಹೊಗಳಿಕೆ ಅಲ್ಲ ಎಂದು ಇವರಿಗೂ ಗೊತ್ತಾಯಿತು. ಹೊಗಳಿದ್ದರೆ ಏರುತ್ತಿದ್ದರು, ಸಂಜೆಗೆ ಇಳಿಯುತ್ತಿದ್ದರು. ಇವರು ಹಾಗೆಯೇ ನಿಂತರು, ಆದರೆ ಭುಜ ಸಡಿಲವಾಯಿತು, ಬಹಳ ದಿನಗಳ ಮೇಲೆ ಒಂದು ಉದ್ದನೆಯ ಉಸಿರು ಬಿಟ್ಟರು. ಆಚಾರಿ ನಾನು ಹಾಕಿದ ಗೆರೆಗೆ ಗರಗಸ ಇಟ್ಟ. "ಗೆರೆ ನಿಮ್ಮದು, ಪಾಪ ನಿಮ್ಮದು" ಎಂದು ಮೊದಲೇ ಹೇಳಿಕೊಂಡು, ಅರ್ಧ ಕಣ್ಣು ಮುಚ್ಚಿ ಕೊಯ್ದ. ಅಷ್ಟಾದರೂ ನಾಲ್ಕು ಕಾಲೂ ಸಮ ಬಂದವು.

ಮರುದಿನ ಇವರು ನೆಲದ ಮೇಲೆ ನಿಂತು, ಮೊಣಕೈಯನ್ನು ಹಲಗೆಗೆ ಊರಿ, ಒಂದು ಕಾಲನ್ನು ಅಡ್ಡಪಟ್ಟಿಯ ಮೇಲಿಟ್ಟು ಕಟ್ಟು ಬಿಚ್ಚಿದರು. ಬಾಗಿಲ ಸಂದಿಯಿಂದ ನೋಡಿದೆ. ಒಂದು ಪುಟ, ಇನ್ನೊಂದು ಪುಟ, ಅಂಚಿನಲ್ಲಿ ಗುರುತು, ಮತ್ತೆ ಪುಟ. ಎತ್ತರದ ಯೋಚನೆ ಇರುವ ಮನುಷ್ಯ ಹಾಗೆ ಓದುವುದಿಲ್ಲ. ನಾನು ಒಂದು ತೀರ್ಮಾನ ಮಾಡಿದೆ, ಇನ್ನು ಮೇಲೆ ಇವರು ಎಷ್ಟಿದ್ದಾರೆ ಎಂದು ನೋಡುವುದಿಲ್ಲ. ಕಾಫಿ ಕೊಡುವಾಗ ಮುಖ ನೋಡುತ್ತಿದ್ದೆ, ಮುಖ ಎಲ್ಲಿದೆಯೋ ಅಲ್ಲಿ. ಬೀದಿಯವರು ಮೊದಮೊದಲು ಬಂದು ಗಿಡ್ಡ ಮೇಜು ಕಂಡು ಮುಖ ಹುಳ್ಳಗೆ ಮಾಡಿದರು. "ಕೈಯಾರೆ ಗಂಡನ್ನ ಗಿಡ್ಡ ಮಾಡಿಟ್ಟುಕೊಂಡಳು" ಎಂದು ಕುಸುಮಳೇ ಎಲ್ಲರ ಮುಂದೆ ಆಡಿದಳು. ಅವಳ ಮಾತಿಗೆ ನಾನು ಸ್ವಲ್ಪ ಇಳಿದದ್ದು ನಿಜ, ಆದರೆ ರಾತ್ರಿ ಊಟದ ಹೊತ್ತಿಗೆ ಸರಿಹೋದೆ.

ಮಾವಿನ ಮಿಡಿ ಉಪ್ಪಿಗೆ ಹಾಕುವ ಕಾಲ ಬಂತು. ಒಂದು ಬೆಳಿಗ್ಗೆ ನಾನು ಮಿಡಿ ಆರಿಸುತ್ತ ಕೂತಿದ್ದಾಗ ಮುಂದಿನ ಕೋಣೆಯಿಂದ ಫೋನಿನಲ್ಲಿ ಜೋರು ದನಿ ಕೇಳಿಸಿತು. ಪ್ರಕಾಶಕರ ಜೊತೆ ಜಗಳ. ಲೇಖಕರು ಹೀಗೇ ಇರಲಿ ಅಂತಾರೆ ಎಂದು ಅವರೇನೋ ಹೇಳಿರಬೇಕು.

"ಲೇಖಕರು ಹೇಳಿದ್ರೆ ಹೇಳ್ಕೊಳ್ಳಲಿ ಸ್ವಾಮಿ! ದೃಢ ಅನ್ನೋ ಪದದಲ್ಲಿ ಹೊಟ್ಟೆ ಸೀಳೋದು ಎರಡನೇ ಅಕ್ಷರಕ್ಕೆ, ಮೊದಲನೇದಕ್ಕಲ್ಲ. ಅರ್ಧ ಊರು ತಪ್ಪು ಬರೆಯುತ್ತೆ ಅಂತ ನಾನೂ ತಪ್ಪು ಬಿಡಲಾ? ಬಿಡಲ್ಲ. ಒಂದು ಸಲ ಬಿಟ್ಟು ಏನಾಯಿತು ಅಂತ ನನಗೆ ಗೊತ್ತು. ನನ್ನ ಕೈಯಿಂದ ಹೋಗೋ ಪುಸ್ತಕದಲ್ಲಿ ದೃಢ ದೃಢವಾಗೇ ಇರುತ್ತೆ!"

ಮಿಡಿ ಹಿಡಿದ ಕೈ ಹಾಗೇ ನಿಂತಿತು. ಕುಗ್ಗಿದವರಲ್ಲಿ ಜಗಳ ಇರುವುದಿಲ್ಲ. ಇವರ ಏರಿದ ದನಿ ಕೇಳಿ ಎಷ್ಟು ಕಾಲವಾಗಿತ್ತೋ. ಆ ತಪ್ಪಿನ ಮಾತನ್ನೂ ಇವರ ಬಾಯಿಂದ ಕೇಳಿದ್ದು ಅದೇ ಮೊದಲು, ಯಾರದೋ ಹಳೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟಿದ್ದರು. ಎದ್ದು ಹೋಗಿ ನೋಡಲೇ ಅನ್ನಿಸಿತು. ನೋಡುವುದಿಲ್ಲ ಎಂದು ತೀರ್ಮಾನ ಮಾಡಿದ್ದೆನಲ್ಲ, ಹಲ್ಲು ಕಚ್ಚಿ ಕೂತೆ.

"ತುಂಗಾ! ಏ ತುಂಗಾ, ಬಾ ಇಲ್ಲಿ!"

ಓಡಿದೆ. ಇವರು ಮೇಜಿನ ಮುಂದೆ ನಿಂತು, ಒಂದು ಕೈ ಕುತ್ತಿಗೆಯ ಹಿಂದೆ ಇಟ್ಟುಕೊಂಡು ನೀವಿಕೊಳ್ಳುತ್ತಿದ್ದರು. ಮೇಜಿನ ಹಲಗೆ ಇವರ ತೊಡೆಗಿಂತ ಸ್ವಲ್ಪ ಮೇಲೆ ಇತ್ತು. ಓದಬೇಕಾದರೆ ಬಗ್ಗಿ ಬಗ್ಗಿ ಓದಬೇಕು, ಬಗ್ಗಿಯೇ ಓದುತ್ತಿದ್ದರೇನೋ, ಎಷ್ಟು ದಿನದಿಂದಲೋ, ತಮಗೇ ತಿಳಿಯದೆ. ಈಗ ಕುತ್ತಿಗೆ ಹಿಡಿದುಕೊಂಡ ಮೇಲೆ ಇವರ ಗಮನ ಮೇಜಿನ ಕಡೆ ಹೋಗಿತ್ತು.

"ಏನಿದು? ಮನುಷ್ಯರು ನಿಂತು ಓದೋ ಮೇಜಾ ಇದು? ಕಾಲು ಕತ್ತರಿಸು ಅಂತ ಆ ಆಚಾರಿಗೆ ಹೇಳಿದ್ದು ಯಾರು? ನೀನೇ ತಾನೆ? ಒಳ್ಳೆ ಹಲಸಿನ ಮರ ಹಾಳು ಮಾಡಿ ಇಟ್ಟಿದ್ದೀಯಲ್ಲ, ತಲೇಲಿ ಬುದ್ಧಿ ಇದೆಯಾ ನಿನಗೆ? ನನ್ನ ಕುತ್ತಿಗೆ ಮುರಿದುಹೋಯ್ತು!"

ನಾನು ತಲೆ ಎತ್ತಿ ಇವರ ಮುಖ ನೋಡಿದೆ. ಎತ್ತಿಯೇ ನೋಡಬೇಕಾಯಿತು. ಬೈಗುಳದ ಏಟಿಗೆ ನಾನು ನಿಂತ ನಿಲುವಿನಲ್ಲೇ ಎರಡು ಬೆರಳು ಇಳಿದೆ, ಸೀರೆಯ ಅಂಚು ನೆಲದ ಮೇಲೆ ಹರಡಿ ಕಾಲಿಗೆ ತೊಡರಿತು. ಕಣ್ಣು ಮಂಜಾಗಿ ಇವರ ಸಿಟ್ಟಿನ ಮುಖ ಸರಿಯಾಗಿ ಕಾಣಲಿಲ್ಲ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ ನಿಂತೆ.

"ಇನ್ನೊಂದು ಸಲ ಬೈರಿ" ಎಂದೆ.